ವಾಟೇಗಾವದ ಶಾಹೀರ, ಮುಂಬಯಿಯ ಲಾವಣಿ

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಅಣ್ಣಾಭಾವೂ ಸಾಠೆಯವರ ಹೆಸರನ್ನು ಕೇಳದವರು ವಿರಳ. ಆದರೆ ಕೇಳಿದವರಲ್ಲಿ ಬಹುಮಂದಿಗೆ ಆ ಹೆಸರು ಒಂದೇ ಹಾಡಿನ ಮೂಲಕ, ಆ ಹಾಡಿನಲ್ಲಿಯೂ ಒಂದೇ ಭಾಗದ ಮೂಲಕ ಪರಿಚಿತವಾದುದು. ಸಂಯುಕ್ತ ಮಹಾರಾಷ್ಟ್ರದ ಚಳವಳಿಯ ಕಾಲದಲ್ಲಿ ಗಿರಣಿಗಳ ಬಾಗಿಲುಗಳಲ್ಲಿಯೂ ಚಾಳುಗಳ ಅಂಗಳಗಳಲ್ಲಿಯೂ ಮೊಳಗಿದ ‘ಮಾಝೀ ಮೈನಾ’ ಎಂಬ ಲಾವಣಿಯು ತನ್ನ ಕೊನೆಯ ಭಾಗದಲ್ಲಿ ಬೆಳಗಾವಿ, ನಿಪ್ಪಾಣಿ, ಕಾರವಾರಗಳನ್ನು ಮಹಾರಾಷ್ಟ್ರದಿಂದ ಅಗಲಿದ ಅಂಗಗಳೆಂದು ಎಣಿಸುತ್ತದೆ. ಕನ್ನಡಿಗನ ಕಿವಿ ಅಲ್ಲಿಗೆ ಮುಚ್ಚಿಕೊಳ್ಳುತ್ತದೆ, ಅದು ಸಹಜವೇ. ಆದರೆ ಕಿವಿ ಮುಚ್ಚಿಕೊಂಡುದರಿಂದ ಆದ ನಷ್ಟವೊಂದುಂಟು. ಆ ಲಾವಣಿಯ ಬಹುಭಾಗವು ಗಡಿಯ ಹಾಡಲ್ಲ. ಊರು ಬಿಟ್ಟು ಈ ನಗರಕ್ಕೆ ಬಂದವನ ಹಾಡು. ಮಾತೃಭಾಷೆಯನ್ನು ಹೆಗಲ ಮೇಲೆ ಹೊತ್ತು ಬೋರಿಬಂದರಿನಲ್ಲಿ ಇಳಿದ ಯಾವ ಕನ್ನಡಿಗನೂ ಅದನ್ನು ಪರಕೀಯರ ಹಾಡೆಂದು ತಳ್ಳಿಹಾಕಲಾರನು. ಅದನ್ನು ಕಟ್ಟಿದ ಕವಿಯು ನಡೆದುಬಂದ ದಾರಿಯನ್ನು ತಿಳಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುವುದು.

ತುಕಾರಾಮ ಭಾವೂರಾವ ಸಾಠೆ ಎಂಬುದು ಅವರ ನಿಜನಾಮ. 1920ರ ಆಗಸ್ಟ್ 1ರಂದು ವಾಳವೇ ತಾಲೂಕಿನ ವಾಟೇಗಾವದಲ್ಲಿ ಜನನ. ಆ ಊರು ಅಂದು ಸಾತಾರಾ ಜಿಲ್ಲೆಯಲ್ಲಿದ್ದಿತು, ಈಗ ಸಾಂಗಲಿಗೆ ಸೇರಿದೆ. ಜಾತಿಯಿಂದ ಮಾಂಗರು, ಎಂದರೆ ಮಾತಂಗ ಸಮುದಾಯದವರು. ಕೃಷ್ಣೆಯ ಈಚೆಯ ದಡದಲ್ಲಿ ಮಾದಿಗರಿಗೆ ಯಾವ ಸ್ಥಾನವಿದ್ದಿತೋ ಆಚೆಯ ದಡದಲ್ಲಿ ಮಾಂಗರಿಗೂ ಹೆಚ್ಚುಕಡಿಮೆ ಅದೇ ಸ್ಥಾನ: ಹಗ್ಗ ಹೊಸೆಯುವುದು, ಊರ ಶುಭಕಾರ್ಯಗಳಿಗೆ ಹಲಗೆ ಬಾರಿಸುವುದು, ಮತ್ತು ಆ ಶುಭಕಾರ್ಯಗಳಿಂದ ದೂರ ನಿಲ್ಲುವುದು. ಇದರ ಮೇಲೆ ಬ್ರಿಟಿಷ್ ಸರಕಾರದ ಅಪರಾಧಿ ಜಾತಿಗಳ ಕಾಯಿದೆಯ ಹೊರೆಯೂ ಆ ಸಮುದಾಯದ ಮೇಲೆ ಬಿದ್ದಿತ್ತು. ತಪ್ಪು ಮಾಡಿದವನೂ ಮಾಡದವನೂ ಒಂದೇ ಪಟ್ಟಿಯಲ್ಲಿ ಸೇರಿ, ಸರಕಾರಿ ಅಧಿಕಾರಿಯ ಮುಂದೆ ಹಾಜರಿ ಕೊಡಬೇಕಾಗುತ್ತಿತ್ತು. ಸಾಠೆಯವರ ಪ್ರಸಿದ್ಧ ಕಾದಂಬರಿ ‘ಫಕೀರಾ’ ಹುಟ್ಟಿದುದು ಈ ಅವಮಾನದ ನೆನಪಿನಿಂದ.

ಶಾಲೆಯ ಸಂಬಂಧವು ಅವರಿಗೆ ಒಂದೂವರೆ ದಿನ ಮಾತ್ರ ಇದ್ದಿತೆಂದು ಅವರ ಚರಿತ್ರಕಾರರೆಲ್ಲರೂ ಬರೆದಿದ್ದಾರೆ. ಅಸ್ಪೃಶ್ಯ ಹುಡುಗನನ್ನು ಬೇರೆ ಕೂರಿಸುವ, ಅಕ್ಷರ ತಿದ್ದಲಾರದುದಕ್ಕೆ ಹೊಡೆಯುವ ಶಾಲೆಯದು. ಹುಡುಗನು ಮರಳಿ ಹೋಗಲಿಲ್ಲ. 1931ರ ಸುಮಾರಿಗೆ, ಬರಗಾಲದ ಬವಣೆಯಲ್ಲಿ, ತಂದೆಯು ಸಂಸಾರವನ್ನು ಕಟ್ಟಿಕೊಂಡು ಮುಂಬಯಿಗೆ ಹೊರಟನು. ರೈಲಿಗೆ ಹಣವಿರಲಿಲ್ಲ; ನಡೆದೇ ಹೊರಟರು. ದಾರಿಯಲ್ಲಿ ಸಿಕ್ಕ ಕೂಲಿಯನ್ನು ಮಾಡುತ್ತ, ಕೆಲಸವಿದ್ದಲ್ಲಿ ತಂಗುತ್ತ, ಮುಗಿದಾಗ ಮುಂದೆ ಸಾಗುತ್ತ ಮುಂಬಯಿಯನ್ನು ಮುಟ್ಟುವ ಹೊತ್ತಿಗೆ ಆರು ತಿಂಗಳಾದುವೆಂದು ಹೇಳುತ್ತಾರೆ. ಬಾಯಖಳಾದ ಚಾಂದಬೀಬೀ ಚಾಳಿನಲ್ಲಿ ವಾಸ. ಹನ್ನೊಂದು ವರ್ಷದ ಹುಡುಗನು ಮಾಡದ ಕೆಲಸವಿಲ್ಲ. ಹಮಾಲಿ, ಕಲ್ಲಿದ್ದಲು ಹೊರುವುದು, ಬಟ್ಟೆಯ ಗಂಟು ಹೊತ್ತು ಮಾರುವವನ ಹಿಂದೆ ತಿರುಗುವುದು, ಬೂಟು ಒರೆಸುವುದು, ಸಿನೆಮಾ ಮಂದಿರದಲ್ಲಿ ಬಾಗಿಲು ಕಾಯುವುದು, ಕಡೆಗೆ ಹತ್ತಿಯ ಗಿರಣಿ.

ಅಕ್ಷರಾಭ್ಯಾಸವಾದ ರೀತಿಯೇ ವಿಲಕ್ಷಣವಾದುದು. ಅಂಗಡಿಗಳ ಫಲಕಗಳನ್ನೂ ಸಿನೆಮಾದ ಭಿತ್ತಿಪತ್ರಗಳನ್ನೂ ನೋಡಿ, ಚಿತ್ರದ ಹೆಸರನ್ನು ಮೊದಲೇ ಬಲ್ಲವನಾದ್ದರಿಂದ ಯಾವ ಧ್ವನಿಗೆ ಯಾವ ಆಕಾರವೆಂದು ಹೊಂದಿಸಿಕೊಂಡು ಅವರು ಓದಲು ಕಲಿತರು. ಇಲ್ಲಿ ಮುಂಬಯಿಯ ಕನ್ನಡಿಗರ ಅನುಭವವನ್ನು ನೆನೆಯುವುದು ಅಪ್ರಸ್ತುತವಲ್ಲ. ತುಳುನಾಡಿನಿಂದ ಹೋಟೆಲುಗಳಿಗೆ ಬಂದ ಹುಡುಗರೂ ಹೆಚ್ಚುಕಡಿಮೆ ಇದೇ ವಯಸ್ಸಿನವರು, ಇದೇ ಬಡವರು. ಹಗಲೆಲ್ಲ ಲೋಟ ತೊಳೆದು ರಾತ್ರಿ ಕೋಟೆ ಪ್ರದೇಶದ ಕನ್ನಡ ಶಾಲೆಗಳ ಬೆಂಚುಗಳ ಮೇಲೆ ತೂಕಡಿಸುತ್ತ ಅವರು ಓದಿದರು. ಅವರಿಂದಲೇ ಈ ನಗರದ ಕನ್ನಡ ಲೇಖಕರ ಒಂದು ಪೀಳಿಗೆ ಬಂದಿತು. ಆ ಹುಡುಗರ ಹಿಂದೆ ಜಾತಿಯ ಸಂಘಗಳಿದ್ದವು, ಚಂದಾ ಎತ್ತುವ ಹಿರಿಯರಿದ್ದರು. ವಾಟೇಗಾವದ ಹುಡುಗನಿಗೆ ಇದ್ದುದು ಬೀದಿಯ ಫಲಕಗಳು ಮಾತ್ರ. ಎರಡೂ ಬಡತನಗಳೇ, ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಾಗಲಾರದು.

ಹಾಡಿನ ಬೇರು ಮಾತ್ರ ಮುಂಬಯಿಯದಲ್ಲ. ನಡುವೆ ಕೆಲಕಾಲ ಸಾಠೆಯವರು ಊರಿಗೆ ಮರಳಿದರು; ಅಲ್ಲಿ ಬಂಧುವಾದ ಬಾಪೂ ಸಾಠೆ ಎಂಬುವರ ತಮಾಷಾ ಮೇಳದಲ್ಲಿ ಸೇರಿಕೊಂಡರು. ಸ್ಮರಣಶಕ್ತಿ ಅಪಾರ, ಕಂಠ ಚೆನ್ನ, ನಿಂತಲ್ಲಿಯೇ ಮಾತು ಹೊಂದಿಸುವ ಚಾತುರ್ಯ ಬೇರೆ. ತಮಾಷಾದ ಒಡಲನ್ನು ಅವರು ಅರಿತುದು ಪುಸ್ತಕದಿಂದಲ್ಲ, ಕೈಯಲ್ಲಿ ವಾದ್ಯ ಹಿಡಿದು ರಾತ್ರಿಯಿಡೀ ಕುಣಿದ ಅನುಭವದಿಂದ. ತಮಾಷಾದ ಇನ್ನೊಬ್ಬ ಮಹಾಕವಿ ಪಠ್ಠೇ ಬಾಪೂರಾವರೂ ಇದೇ ವಾಳವೇ ತಾಲೂಕಿನವರು ಎಂಬುದನ್ನು ಇಲ್ಲಿ ಹೇಳಬೇಕು. ರೇಠರೇ ಹರಣಾಕ್ಷದ ಕುಲಕರ್ಣಿ ಮನೆತನದ ಆ ಬ್ರಾಹ್ಮಣನು ತನ್ನ ಜಾತಿಯನ್ನು ಬಿಟ್ಟು ತಮಾಷಾಕ್ಕೆ ಇಳಿದು ಬಂದನು. ಸಾಠೆಯವರ ಜಾತಿಗಾದರೋ ತಮಾಷಾವು ಊರು ನಿಗದಿಪಡಿಸಿಕೊಟ್ಟ ಕಸುಬಾಗಿದ್ದಿತು. ಮೊದಲನೆಯವನಿಗೆ ಅದು ತ್ಯಾಗ. ಎರಡನೆಯವರಿಗೆ ಅದು ಬಿಡಿಸಿಕೊಳ್ಳಬೇಕಾದ ಗಂಟು. ಈ ಭೇದವು ಇಬ್ಬರ ಹಾಡುಗಳಲ್ಲಿಯೂ ಕಾಣುತ್ತದೆ.

ಶಾಹೀರರ ಈ ಕಲೆಯು ಕನ್ನಡಿಗರಿಗೆ ಅಪರಿಚಿತವಾದುದಲ್ಲ. ಒಬ್ಬ ಮುಂದಾಳು ದಪ್ಪು ಹಿಡಿದು ಹಾಡುತ್ತಾನೆ. ಹಿಂದೆ ನಿಂತ ಇಬ್ಬರು ತುಂತುಣಿ, ತಾಳಗಳೊಡನೆ ಸೊಲ್ಲೆತ್ತಿಕೊಳ್ಳುತ್ತಾರೆ. ಮರಾಠಿಯಲ್ಲಿ ಆ ಸೊಲ್ಲು ‘ಜೀ ಜೀ’ ಎಂದು ಕೊನೆಗಾಣುತ್ತದೆ, ವಿಜಾಪುರ ಬೆಳಗಾವಿಗಳಲ್ಲಿ ‘ಗೀ ಗೀ’ ಎಂದು. ಅಲ್ಲಿ ಕಲ್ಗಿ-ತುರಾ ಪಂಥಗಳ ವಾದ, ಇಲ್ಲಿ ಹರದೇಶಿ-ನಾಗೇಶಿಗಳ ವಾದ. ಹಲಸಂಗಿಯ ಖಾಜಾಭಾಯಿಯಂಥವರು ಕನ್ನಡದಲ್ಲಿ ಕಟ್ಟಿದ ಲಾವಣಿಗಳನ್ನು 1930ರ ದಶಕದಲ್ಲಿ ಹಲಸಂಗಿಯ ಗೆಳೆಯರು ಹುಡುಕಿ ಅಚ್ಚು ಹಾಕಿಸದಿದ್ದರೆ ವಿದ್ವಾಂಸರು ಅವನ್ನು ತಿಳಿಯುತ್ತಲೇ ಇರಲಿಲ್ಲ. ಲಾವಣಿಯು ಯಾರಿಂದ ಯಾರಿಗೆ ಬಂದಿತೆಂಬ ವಾದದಲ್ಲಿ ಎರಡೂ ಕಡೆಯ ಪಂಡಿತರು ಶಾಯಿಯನ್ನು ಬಹಳವಾಗಿ ಖರ್ಚು ಮಾಡಿದ್ದಾರೆ. ಹಾಡುವವರು ಮಾತ್ರ ಜಾತ್ರೆಯಿಂದ ಜಾತ್ರೆಗೆ ಹೋಗಿ ಕೇಳುವವರ ಭಾಷೆಯಲ್ಲಿ ಹಾಡಿ ಬಿದಾಯಿ ಪಡೆದು ಬರುತ್ತಿದ್ದರು.

ಎರಡನೆಯ ಮಹಾಯುದ್ಧದ ಕಾಲಕ್ಕೆ ಸಾಠೆಯವರು ಮತ್ತೆ ಮುಂಬಯಿಯಲ್ಲಿದ್ದಾರೆ. ಈಗ ಮಾಟುಂಗಾದ ಲೇಬರ್ ಕ್ಯಾಂಪಿನಲ್ಲಿ. ಧಾರಾವಿಯ ಅಂಚಿನ ಆ ವಸತಿಯಲ್ಲಿ ದಲಿತ ಕಾರ್ಮಿಕರೇ ಹೆಚ್ಚು. 1927ರ ಮಹಾಡದ ಸತ್ಯಾಗ್ರಹದ ಸಂಘಟಕರಲ್ಲಿ ಒಬ್ಬರಾಗಿ, ಮುಂದೆ ಕಮ್ಯುನಿಸ್ಟರಾದ ಆರ್. ಬಿ. ಮೋರೆಯವರಂಥವರ ಪ್ರಭಾವವು ಅಲ್ಲಿದ್ದಿತು. 1926ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಷನ್ನಿನ ಮಾಟುಂಗಾಕ್ಕೂ ಈ ಕ್ಯಾಂಪಿನ ಮಾಟುಂಗಾಕ್ಕೂ ಕಾಲ್ನಡಿಗೆಯ ದೂರ. ನಡುವೆ ರೈಲು ಹಳಿ. ಹಳಿಯ ಆಚೆಗೆ ಯಾವ ಹಾಡು ಹುಟ್ಟುತ್ತಿದೆಯೆಂದು ಈಚೆಯವರು ಕಿವಿಗೊಟ್ಟ ಕುರುಹು ಕಡಿಮೆ. ಲೇಬರ್ ಕ್ಯಾಂಪಿನ ಸೊಳ್ಳೆಗಳ ಮೇಲೆ ಕಟ್ಟಿದ ಹಾಡೇ ಅವರಿಗೆ ಅಲ್ಲಿ ಮೊದಲ ಹೆಸರು ತಂದಿತಂತೆ. ರಾಜರ ಪರಾಕ್ರಮಕ್ಕೆ ಮೀಸಲಾದ ಪೋವಾಡದ ವೀರಧಾಟಿಯು ಚರಂಡಿಯ ಸೊಳ್ಳೆಗೆ ಒದಗಿದಾಗ ಕೇಳಿದವರು ನಕ್ಕಿರಬೇಕು. ನಕ್ಕ ಮೇಲೆ ಮೈ ಕೆರೆದುಕೊಂಡಿರಲೂ ಬೇಕು.

ಅನಂತರದ ಬೆಳವಣಿಗೆ ಶೀಘ್ರವಾದುದು. ಸ್ಟಾಲಿನ್‌ಗ್ರಾಡಿನ ಯುದ್ಧದ ಮೇಲೆ ಅವರು ಕಟ್ಟಿದ ಪೋವಾಡವು ಕಾರ್ಮಿಕರ ಸಭೆಗಳಲ್ಲಿ ಪ್ರಸಿದ್ಧವಾಯಿತು. ಊರ ಶಾಲೆಯನ್ನು ಕಾಣದವನು ವೋಲ್ಗಾ ನದಿಯ ದಡದ ಯುದ್ಧವನ್ನು ವರ್ಣಿಸಿದುದು ಹಲವರಿಗೆ ಸೋಜಿಗವೆನಿಸೀತು. ಆದರೆ ಪೋವಾಡದ ಕವಿಗೆ ಕೋಟೆ ಯಾವುದು, ಮುತ್ತಿಗೆ ಯಾವುದು, ಬಿಡದೆ ನಿಂತವರು ಯಾರು ಎಂಬಷ್ಟು ತಿಳಿದರೆ ಸಾಕು; ಉಳಿದುದನ್ನು ಸಂಪ್ರದಾಯವೇ ಒದಗಿಸುತ್ತದೆ. ಬಂಗಾಲದ ಕ್ಷಾಮದ ಮೇಲಿನ ಹಾಡು ಇದಕ್ಕಿಂತ ಗಂಭೀರವಾದುದು. ಹಸಿವೆಯನ್ನು ಅವರು ಕೇಳಿ ತಿಳಿಯಬೇಕಾಗಿರಲಿಲ್ಲ. 1944ರಲ್ಲಿ ದ. ನಾ. ಗವಾಣಕರ, ಅಮರ ಶೇಖ ಇವರೊಡನೆ ಸೇರಿ ‘ಲಾಲ ಬಾವಟಾ ಕಲಾಪಥಕ’ವನ್ನು, ಎಂದರೆ ಕೆಂಬಾವುಟದ ಕಲಾತಂಡವನ್ನು, ಕಟ್ಟಿದರು. ಮೂವರಲ್ಲಿ ಅಮರ ಶೇಖರು ಬಾರ್ಶಿಯ ಬಡ ಮುಸಲ್ಮಾನ ಕುಟುಂಬದವರು, ನಿಜನಾಮ ಮೆಹಬೂಬ ಹುಸೇನ ಪಟೇಲ. ಅವರದು ಧ್ವನಿವರ್ಧಕವಿಲ್ಲದೆ ಮೈದಾನವನ್ನು ತುಂಬುವ ಕಂಠ. ಬರೆಯುವ ಸಾಠೆ, ಹಾಡುವ ಶೇಖ ಎಂದು ಜನರು ಹೇಳುವುದುಂಟು. ಇಬ್ಬರೂ ಎರಡನ್ನೂ ಮಾಡಬಲ್ಲವರಾಗಿದ್ದರೂ ಈ ಮಾತು ಪೂರ್ತಿ ತಪ್ಪಲ್ಲ. ಅದಕ್ಕೂ ಒಂದು ವರ್ಷ ಹಿಂದೆ, 1943ರಲ್ಲಿ, ಇದೇ ನಗರದಲ್ಲಿ ಸ್ಥಾಪಿತವಾಗಿದ್ದ ಭಾರತೀಯ ಜನನಾಟ್ಯ ಸಂಘದೊಡನೆಯೂ ಅವರ ಸಂಬಂಧವು ಬೆಳೆಯಿತು.

ತಮಾಷಾದ ಪರಂಪರೆಯಲ್ಲಿ ಆಟವು ಗಣಪತಿಯ ಸ್ತುತಿಯಿಂದ, ಅದರ ಹೆಸರೇ ‘ಗಣ’, ಮೊದಲಾಗುತ್ತದೆ. ಆಮೇಲೆ ಕೃಷ್ಣನು ಗೊಲ್ಲತಿಯರನ್ನು ತಡೆಯುವ ‘ಗೌಳಣ’. ಕೊನೆಗೆ ಕಥಾಭಾಗವಾದ ‘ವಗ’. ಸಾಠೆಯವರು ಗಣದಲ್ಲಿ ದೇವರ ಸ್ಥಾನದಲ್ಲಿ ನೆಲವನ್ನೂ ದುಡಿಯುವವರನ್ನೂ ಮಡಿದ ಹುತಾತ್ಮರನ್ನೂ ಇಟ್ಟರು, ಗೌಳಣವನ್ನು ಬಿಟ್ಟರು, ವಗದಲ್ಲಿ ರಾಜರಾಣಿಯರ ಬದಲು ಸಾಹುಕಾರನನ್ನೂ ಗೇಣಿದಾರನನ್ನೂ ತಂದರು. ಇದನ್ನು ವಿಮರ್ಶಕರು ಕ್ರಾಂತಿಯೆಂದು ಬಣ್ಣಿಸುತ್ತಾರೆ. ಕ್ರಾಂತಿಯೇ ಹೌದು, ಆದರೆ ಮನೆಯನ್ನು ಒಳಗಿನಿಂದ ಬಲ್ಲವನು ಮಾಡಿದ ಕ್ರಾಂತಿ. ಯಾವ ಕಂಬವನ್ನು ತೆಗೆದರೆ ಮಾಡು ಕುಸಿಯುವುದಿಲ್ಲವೆಂದು ಅವರಿಗೆ ಗೊತ್ತಿದ್ದಿತು. ಜನಪದ ರೂಪಗಳಲ್ಲಿ ಹೊಸ ವಿಚಾರವನ್ನು ತುಂಬಲು ಹೊರಟ ನಗರದ ಪದವೀಧರರ ಅನೇಕ ಪ್ರಯತ್ನಗಳು, ಕನ್ನಡದಲ್ಲಿಯೂ, ಒಣಗಿಹೋದುದು ಈ ಜ್ಞಾನವಿಲ್ಲದೆ.

ಸ್ವಾತಂತ್ರ್ಯದ ಬೆನ್ನಿಗೇ ಮುಂಬಯಿ ಸರಕಾರವು ಅಶ್ಲೀಲವೆಂದು ತಮಾಷಾದ ಮೇಲೆ ನಿರ್ಬಂಧವನ್ನು ಹಾಕಿತು. ಕಲಾಪಥಕವೂ ನಿಷೇಧಕ್ಕೆ ಗುರಿಯಾಯಿತು. ಅಲ್ಲಿ ಕಾರಣವು ಅಶ್ಲೀಲತೆಯಲ್ಲ, ರಾಜಕೀಯ. ಸಾಠೆಯವರ ಆಟಗಳು ‘ತಮಾಷಾ’ ಎಂಬ ಹೆಸರನ್ನು ಬಿಟ್ಟು ‘ಲೋಕನಾಟ್ಯ’ ಎಂಬ ಹೆಸರನ್ನು ತೊಟ್ಟುದು ಈ ಕಾಲದಲ್ಲಿ. ಹೆಸರು ಬದಲಾದರೆ ಕಾಯಿದೆಗೆ ಕಣ್ಣು ಕಾಣದೆಂಬುದು ಮುಂಬಯಿಯಲ್ಲಿ ವ್ಯವಹಾರ ಮಾಡಿದ ಯಾರಿಗೂ ಹೊಸ ಸಂಗತಿಯಲ್ಲ.

ಈಗ ಮುಂಬಯಿಯ ಹಾಡುಗಳಿಗೆ ಬರೋಣ. ಪಠ್ಠೇ ಬಾಪೂರಾವರು ಮುಂಬಯಿಯ ಮೇಲೆ ಒಂದು ಲಾವಣಿಯನ್ನು ಕಟ್ಟಿದ್ದರು; ಅದರಲ್ಲಿ ಈ ನಗರವು ವೈಭವದ, ಬೆರಗಿನ ನಗರ. ಸಾಠೆಯವರು ಅದೇ ವಿಷಯವನ್ನು ಎತ್ತಿಕೊಂಡು ‘ಮುಂಬಯೀಚೀ ಲಾವಣೀ’ ಬರೆದರು. ಅದರಲ್ಲಿ ಮಲಬಾರ ಹಿಲ್ಲೂ ಇದೆ, ಪರಳವೂ ಇದೆ. ಒಂದರ ದೀಪಗಳಿಗೆ ಇನ್ನೊಂದರ ಬೆವರು ಎಣ್ಣೆಯಾಗಿರುವ ಬಗೆಯೂ ಇದೆ. ಎರಡನ್ನು ಒಟ್ಟಿಗೆ ಇಟ್ಟು ಓದಿದರೆ, ನೋಡಲು ಬಂದವನ ಮುಂಬಯಿಗೂ ದುಡಿಯಲು ಬಂದವನ ಮುಂಬಯಿಗೂ ಇರುವ ಅಂತರವು ತಿಳಿಯುತ್ತದೆ. ‘ಮಾಝೀ ಮುಂಬಯೀ’ ಎಂಬ ಅವರ ಲೋಕನಾಟ್ಯವು ಈ ನಗರ ಯಾರದೆಂಬ ಪ್ರಶ್ನೆಯನ್ನೇ ಕಥಾವಸ್ತುವಾಗಿ ಮಾಡಿಕೊಂಡಿದೆ.

‘ಮಾಝೀ ಮೈನಾ’ ಇವೆಲ್ಲಕ್ಕಿಂತ ಸೂಕ್ಷ್ಮವಾದ ರಚನೆ. ಛಕ್ಕಡ ಎಂಬ ಜಾತಿಯ ಲಾವಣಿಯದು. ಒಂದೇ ಪ್ರಾಸವನ್ನು ಬಿಡದೆ ಎಳೆದುಕೊಂಡು ಓಡುವ, ಉಸಿರಿಗೆ ಸವಾಲೆಸೆಯುವ ಬಂಧ. ಬಡತನವು ಗಂಡಹೆಂಡಿರನ್ನು ಅಗಲಿಸಿದೆ. ಬೆಳಕು ಹರಿಯುವ ಮುನ್ನ ರೊಟ್ಟಿಯ ಗಂಟು ಕಟ್ಟಿಕೊಂಡು ಅವನು ಮುಂಬಯಿಗೆ ಹೊರಟಿದ್ದಾನೆ. ಅವಳು ಊರ ಅಂಚಿನವರೆಗೆ ಕಳುಹಿಸಲು ಬರುತ್ತಾಳೆ. ಅವಳ ಮುಖ ಬಾಡುತ್ತದೆ. ನಗಿಸಬೇಕೆಂದು ಅವನು ಮಾತು ಕೊಡುತ್ತ ಹೋಗುತ್ತಾನೆ. ಪತ್ರ ಬರೆಯುವೆನೆನ್ನುತ್ತಾನೆ, ಒಡವೆ ಮಾಡಿಸುವೆನೆನ್ನುತ್ತಾನೆ. (ಪತ್ರದ ಮಾತನ್ನು ಬರೆದವರು ಅಂಗಡಿಯ ಫಲಕ ನೋಡಿ ಅಕ್ಷರ ಕಲಿತವರೆಂಬುದನ್ನು ವಾಚಕರು ಮರೆಯಬಾರದು.) ಒಡವೆಗಳ ಪಟ್ಟಿ ಉದ್ದವಾಗಿ ಬೆಳೆಯುತ್ತದೆ: ಕೊಲ್ಹಾಪುರದ ಸಾಜು, ವಜ್ರಟೀಕೆ, ಪುತಳಿಯ ಸರ, ತೋಡೆ, ನತ್ತು. ಆಮೇಲೆ ಮುಂಬಯಿ. ಗದ್ದಲ, ಕಳ್ಳರು, ದಲಾಲರು, ಎತ್ತರದ ಮಾಳಿಗೆಗಳು. ಅವನ ಕಿಸೆ ಬರಿದು, ಹೊಟ್ಟೆಯಲ್ಲಿ ಉರಿ. ಒಂದು ಒಡವೆಯೂ ಆಗಲಿಲ್ಲ.

ಈ ಒಡವೆಗಳ ಪಟ್ಟಿಯನ್ನು ಕನ್ನಡಿಗನು ಸಾವಧಾನವಾಗಿ ಓದಬೇಕು. ಪುತಳಿಯ ಸರವೂ ವಜ್ರಟೀಕೆಯೂ ಸಾಜೂ ನತ್ತೂ ಚಿಕ್ಕೋಡಿಯ, ಅಥಣಿಯ, ಜಮಖಂಡಿಯ ಹೆಣ್ಣುಮಕ್ಕಳ ಒಡವೆಗಳೂ ಹೌದು; ಹೆಸರುಗಳೂ ಹೆಚ್ಚುಕಡಿಮೆ ಅವೇ. ಬರಗಾಲ ಬಂದಾಗ ಅವು ಸಾಹುಕಾರನ ಪೆಟ್ಟಿಗೆಗೆ ಹೋಗುವ ದಾರಿಯೂ ಎರಡೂ ಕಡೆ ಒಂದೇ. ಬ್ಯಾಂಕುಗಳು ಹಳ್ಳಿಯನ್ನು ಮುಟ್ಟದ ಆ ಕಾಲದಲ್ಲಿ ರೈತನ ಹೆಂಡತಿಯ ಕೊರಳೇ ಅವನ ಠೇವಣಿ. ಆದ್ದರಿಂದ ಒಡವೆ ಮಾಡಿಸುವೆನೆಂಬ ಮಾತು ಬರಿಯ ಶೃಂಗಾರದ್ದಲ್ಲ. ಕಳೆದುಹೋದ ಠೇವಣಿಯನ್ನು ಮರಳಿ ಕಟ್ಟಿಕೊಡುವ ವಾಗ್ದಾನವದು. ಮುಂಬಯಿಯು ಅದನ್ನು ನಡೆಸಿಕೊಡಲಿಲ್ಲವೆಂಬುದೇ ಹಾಡಿನ ದುಃಖ. ತಿಂಗಳ ಕೊನೆಗೆ ಅಂಚೆಕಚೇರಿಯಲ್ಲಿ ಮನಿಯಾರ್ಡರಿನ ಸಾಲಿನಲ್ಲಿ ನಿಂತು, ಕಳುಹಿಸುವ ಮೊತ್ತವನ್ನು ಕಡೆಯ ಗಳಿಗೆಯಲ್ಲಿ ಕಡಿಮೆ ಮಾಡಿ ಬರೆದವರೆಲ್ಲರಿಗೂ, ಅವರು ಮಂಗಳೂರಿನವರಿರಲಿ ಸಾಂಗಲಿಯವರಿರಲಿ, ಈ ದುಃಖವು ಸ್ವಂತದ್ದು.

ಇದಾದ ಮೇಲೆ ಹಾಡು ತಿರುಗುತ್ತದೆ. ತನಗೂ ಮೈನಾಳಿಗೂ ಆದ ಗತಿಯೇ ಮಹಾರಾಷ್ಟ್ರಕ್ಕೆ ಆಯಿತೆಂದು ಹೇಳಿ, ಅಗಲಿದ ಪ್ರದೇಶಗಳ ಹೆಸರುಗಳನ್ನು ಎಣಿಸುತ್ತದೆ. ದಾಂಗ, ಉಂಬರಗಾವ ಅತ್ತ. ಬೆಳಗಾವಿ, ಕಾರವಾರ, ನಿಪ್ಪಾಣಿ ಇತ್ತ. ಚಳವಳಿಯ ಹಿನ್ನೆಲೆ ತಿಳಿದದ್ದೇ. ಫಜಲ್ ಅಲಿ ಆಯೋಗದ ವರದಿ 1955ರಲ್ಲಿ ಬಂದಿತು. ಮುಂಬಯಿಯಲ್ಲಿ ಗೋಲಿಬಾರುಗಳಾದುವು, ನೂರಕ್ಕೂ ಮಿಕ್ಕಿ ಜನ ಮಡಿದರು. 1956ರ ನವೆಂಬರ್ 1ರಂದು ಚಂದಗಡ ತಾಲೂಕನ್ನುಳಿದ ಬೆಳಗಾವಿ ಜಿಲ್ಲೆಯೂ ಉತ್ತರ ಕನ್ನಡವೂ ಮೈಸೂರು ರಾಜ್ಯವನ್ನು ಸೇರಿದುವು. ದ್ವಿಭಾಷಿಕ ಮುಂಬಯಿ ರಾಜ್ಯವು ಒಡೆದು 1960ರ ಮೇ 1ರಂದು ಮಹಾರಾಷ್ಟ್ರವಾಯಿತು.

ಈ ಭಾಗದ ಬಗೆಗೆ ಎರಡು ಮಾತುಗಳನ್ನು ಹೇಳಬೇಕಾಗಿದೆ. ಒಂದು ಅವರಿಗೆ ಹಿತವಲ್ಲದ್ದು, ಇನ್ನೊಂದು ನಮಗೆ. ಮೊದಲನೆಯದು: ಗಂಡಹೆಂಡಿರ ಅಗಲಿಕೆಯ ರೂಪಕವು ಭೂಪ್ರದೇಶಕ್ಕೆ ಸರಿಹೊಂದದು. ಮೈನಾಳಿಗೆ ಒಬ್ಬನೇ ಗಂಡ. ಬೆಳಗಾವಿಯ ಸಂತೆಯಲ್ಲಿ ಅಥವಾ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ನಿಂತ ಹೆಂಗಸು ಒಂದೇ ಉಸಿರಿನಲ್ಲಿ ಎರಡು ಭಾಷೆಗಳನ್ನು ಆಡುತ್ತಾಳೆ. ಕಾರವಾರದ ಮನೆಮಾತು ಬಹುಪಾಲು ಕೊಂಕಣಿ. ಆ ಊರುಗಳನ್ನು ಕನ್ನಡದ ಗೀಗೀ ಮೇಳಗಳೂ ತಮ್ಮವೆಂದೇ ಹಾಡಿವೆ. ಕೂಲಿಕಾರನ ಸಂಕಟವನ್ನು ಅಷ್ಟು ನಿಖರವಾಗಿ ಕಂಡ ಕವಿಯ ಕಣ್ಣು ಇಲ್ಲಿ ನಕಾಶೆಯನ್ನು ಮಾತ್ರ ನೋಡಿದೆ, ಅದರ ಮೇಲೆ ಬಾಳುವವರನ್ನು ನೋಡಿಲ್ಲ. ಹಾಡಿನ ಮೊದಲರ್ಧದ ಬೆಲೆಯನ್ನು ಎರಡನೆಯರ್ಧವು ಖರ್ಚು ಮಾಡಿದೆ.

ಎರಡನೆಯದು: ಅದೇ 1956ರ ನವೆಂಬರ್ 1ರಂದು ಕಾಸರಗೋಡು ಕೇರಳವನ್ನು ಸೇರಿತು. ಕಯ್ಯಾರ ಕಿಞ್ಞಣ್ಣ ರೈಗಳು ಆ ನೋವನ್ನು ಕಾವ್ಯವಾಗಿಸಿದರು. ಮುಂಬಯಿಯ ಕನ್ನಡ ಸಭೆಗಳಲ್ಲಿ, ಅದರಲ್ಲಿಯೂ ತುಳುನಾಡಿನವರ ನಡುವೆ, ಆ ಹೆಸರಿಗೆ ಇರುವ ಗೌರವವು ಎಲ್ಲರೂ ಬಲ್ಲದ್ದು. ಕಾಸರಗೋಡಿನಲ್ಲಿಯೂ ಮಲಯಾಳ ಮನೆಮಾತಿನವರಿದ್ದಾರೆ; ಅಲ್ಲಿಯೂ ಒಂದೇ ಅಂಗಳದಲ್ಲಿ ಮೂರು ನಾಲ್ಕು ನುಡಿಗಳಿವೆ. ಕಯ್ಯಾರರ ಹಾಡನ್ನು ಕೇಳಿ ಕಣ್ಣು ತುಂಬಿಕೊಳ್ಳುವವನು ಸಾಠೆಯವರ ಹಾಡನ್ನು ಬರಿಯ ಅತಿಕ್ರಮಣವೆಂದು ತಳ್ಳಿದರೆ ಅವನ ನ್ಯಾಯಕ್ಕೆ ಎರಡು ಅಳತೆಗೋಲುಗಳಿವೆಯೆಂದು ಹೇಳಬೇಕಾಗುವುದು. ಜತ್ತ, ಅಕ್ಕಲಕೋಟೆ, ಸೊಲ್ಲಾಪುರಗಳಿಗಾಗಿ ಕನ್ನಡಿಗರು ಬರೆದ ಪದ್ಯಗಳನ್ನು ಮರಾಠಿಗರ ಕಿವಿಯಿಂದ ಒಮ್ಮೆ ಕೇಳಿಕೊಳ್ಳುವ ಅಭ್ಯಾಸವೂ ಒಳ್ಳೆಯದು. 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿಯಿತ್ತ ಮಹಾಜನ ಆಯೋಗವಾಗಲಿ, 2004ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ದಾವೆಯಾಗಲಿ ಈ ಬಗೆಯ ನೋವನ್ನು ಅಳೆಯುವ ಸಾಧನಗಳಲ್ಲ.

ಹಾಡು ಇಷ್ಟು ಜನರನ್ನು ಮುಟ್ಟಿದ ಮೇಲೆ ಹಾಡಿದವರ ಬಾಳು ಹಸನಾಗಿರಬೇಕೆಂದು ಯಾರಾದರೂ ಭಾವಿಸಿದರೆ ಅದು ಸುಳ್ಳು. ಹೆಸರು ಬಂದಿತು, ಉತ್ಪನ್ನ ಬರಲಿಲ್ಲ. ಕಲಾಪಥಕದ ಸಭೆಗಳಲ್ಲಿ ಟಿಕೀಟಿಲ್ಲ. ಜೋಳಿಗೆಯಲ್ಲಿ ಕೂಡಿದ ಚಿಲ್ಲರೆಯು ಪಕ್ಷದ ಕೆಲಸಕ್ಕೆ ಹೋಗುತ್ತಿತ್ತು. ಘಾಟಕೋಪರದ ಚಿರಾಗನಗರದ ಜೋಪಡಿಯೊಂದರಲ್ಲಿ ಅವರು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ವಾಸಿಸಿದರು. ಅಲ್ಲಿ ಕುಳಿತೇ ಮೂವತ್ತಕ್ಕೂ ಹೆಚ್ಚು ಕಾದಂಬರಿಗಳನ್ನೂ ಹತ್ತಾರು ಕಥಾಸಂಗ್ರಹಗಳನ್ನೂ ಬರೆದರು. ಲಾವಣಿಯ ಕವಿಯು ಕಾದಂಬರಿಕಾರನಾದುದಕ್ಕೆ ಸಾಹಿತ್ಯದ ಕಾರಣಗಳು ಹಲವಿರಬಹುದು. ಪುಸ್ತಕಕ್ಕೆ ಪ್ರಕಾಶಕನು ಅಷ್ಟೋ ಇಷ್ಟೋ ಕೈಗೆ ಕೊಡುತ್ತಾನೆ, ಹಾಡಿಗೆ ಅದೂ ಇಲ್ಲ ಎಂಬುದೂ ಒಂದು ಕಾರಣವಾಗಿರಲು ಸಾಕು. 1959ರಲ್ಲಿ ಪ್ರಕಟವಾದ ‘ಫಕೀರಾ’ಕ್ಕೆ 1961ರಲ್ಲಿ ರಾಜ್ಯ ಸರಕಾರದ ಬಹುಮಾನ ಬಂದಿತು, ಅದನ್ನು ಅವರು ಬಾಬಾಸಾಹೇಬ ಅಂಬೇಡಕರರ ಲೇಖನಿಗೆ ಅರ್ಪಿಸಿದ್ದರು. ತಮಾಷಾದ ಹೆಣ್ಣಿನ ಬಾಳನ್ನು ಕುರಿತ ‘ವೈಜಯಂತಾ’ ಅದೇ 1961ರಲ್ಲಿ ಚಲಚ್ಚಿತ್ರವಾಯಿತು. ಆ ವರ್ಷವೇ ಅವರು ಸೋವಿಯೆತ್ ರಷ್ಯಕ್ಕೆ ಹೋಗಿಬಂದು ಪ್ರವಾಸಕಥನವನ್ನು ಬರೆದರು. ವಾಟೇಗಾವದಿಂದ ನಡೆದು ಬಂದವನು ವಿಮಾನದಲ್ಲಿ ಮಾಸ್ಕೋವಿಗೆ ಹೋದನು. ಮರಳಿದುದು ಅದೇ ಜೋಪಡಿಗೆ.

ಇದಕ್ಕೂ ಮೊದಲೇ, 1958ರಲ್ಲಿ ಮುಂಬಯಿಯಲ್ಲಿ ಕೂಡಿದ ಮೊದಲನೆಯ ದಲಿತ ಸಾಹಿತ್ಯ ಸಮ್ಮೇಳನದ ಉದ್ಘಾಟನೆಯನ್ನು ಅವರು ಮಾಡಿದ್ದರು. ಭೂಮಿಯು ಆದಿಶೇಷನ ಹೆಡೆಯ ಮೇಲಲ್ಲ, ದಲಿತರ ಮತ್ತು ಕಾರ್ಮಿಕರ ಅಂಗೈಯ ಮೇಲೆ ನಿಂತಿದೆಯೆಂಬ ಆಶಯದ ಅವರ ಅಂದಿನ ಮಾತು ಇಂದಿಗೂ ಮರಾಠಿಯಲ್ಲಿ ಉಲ್ಲೇಖಗೊಳ್ಳುತ್ತದೆ. ಕಮ್ಯುನಿಸ್ಟರು ಅವರನ್ನು ತಮ್ಮವರೆನ್ನುತ್ತಾರೆ, ಅಂಬೇಡಕರ್‌ವಾದಿಗಳು ತಮ್ಮವರೆನ್ನುತ್ತಾರೆ. ಆ ಮಾತಿನಲ್ಲಿ ದಲಿತರು, ಕಾರ್ಮಿಕರು ಎಂಬ ಎರಡು ಪದಗಳೂ ಇರುವುದರಿಂದ ಈ ವಿವಾದವು ಬೇಗನೆ ಮುಗಿಯುವಂತಿಲ್ಲ. ಕನ್ನಡದಲ್ಲಿ ದಲಿತ ಸಾಹಿತ್ಯದ ಚಳವಳಿಯು 1970ರ ದಶಕದಲ್ಲಿ ರೂಪುಗೊಂಡಿತೆಂಬುದನ್ನು ನೆನೆದರೆ, ಈ ಸಮ್ಮೇಳನವು ಎಷ್ಟು ಮುಂಚಿನದೆಂಬುದು ಗೊತ್ತಾಗುವುದು.

ಕೊನೆಯ ದಿನಗಳು ಗೋರೆಗಾವದ ಸಿದ್ಧಾರ್ಥನಗರದಲ್ಲಿ, ಅನಾರೋಗ್ಯದಲ್ಲಿ ಮತ್ತು ಬಡತನದಲ್ಲಿ ಕಳೆದುವು. 1969ರ ಜುಲೈ 18ರಂದು ಅವರು ತೀರಿಕೊಂಡಾಗ ನಲ್ವತ್ತೊಂಬತ್ತು ತುಂಬಿರಲಿಲ್ಲ. ಅಮರ ಶೇಖರು ಅದೇ ವರ್ಷದ ಆಗಸ್ಟ್ 29ರಂದು ರಸ್ತೆಯ ಅಪಘಾತದಲ್ಲಿ ಮಡಿದರು. ಹೀಗೆ ಆರು ವಾರಗಳ ಒಳಗೆ ಗಿರಣಿಗಾವದ ಎರಡು ದೊಡ್ಡ ದನಿಗಳು ನಿಂತುಹೋದುವು. ಅವುಗಳನ್ನು ಕೇಳಿದ ಗಿರಣಿಗಳೂ ಹೆಚ್ಚು ಕಾಲ ಉಳಿಯಲಿಲ್ಲ. 1982ರ ಜನವರಿಯಲ್ಲಿ ಮೊದಲಾದ ಮುಷ್ಕರದಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಕಾರ್ಮಿಕರು ಹೊರಬಂದರು, ಅವರಲ್ಲಿ ಅನೇಕರು ಮರಳಿ ಒಳಗೆ ಹೋಗಲಿಲ್ಲ. ಪರಳದ ಚಿಮಣಿಗಳಿದ್ದಲ್ಲಿ ಈಗ ಕಚೇರಿಗಳ, ವಸತಿಗಳ ಗಾಜಿನ ಗೋಪುರಗಳಿವೆ.

ಗೌರವಗಳು ತಡವಾಗಿ, ಆದರೆ ಧಾರಾಳವಾಗಿ ಬಂದುವು. 1985ರಲ್ಲಿ ಮಹಾರಾಷ್ಟ್ರ ಸರಕಾರವು ಮಾತಂಗ ಸಮುದಾಯದವರಿಗೆ ಸಾಲಸೌಲಭ್ಯ ಒದಗಿಸಲು ಸ್ಥಾಪಿಸಿದ ಅಭಿವೃದ್ಧಿ ನಿಗಮಕ್ಕೆ ಸಾಠೆಯವರ ಹೆಸರನ್ನಿಟ್ಟಿತು. ಬಾಳಿನುದ್ದಕ್ಕೂ ಸಾಲ ಹುಟ್ಟದವರ ಹೆಸರು ಸಾಲದ ಅರ್ಜಿಯ ತಲೆಬರಹಕ್ಕೆ ಏರಿತು. 2002ರಲ್ಲಿ ಅಂಚೆ ಇಲಾಖೆಯು ನಾಲ್ಕು ರೂಪಾಯಿಯ ಚೀಟಿಯನ್ನು ಹೊರಡಿಸಿತು. 2022ರಲ್ಲಿ ಮಾಸ್ಕೋದ ಗ್ರಂಥಾಲಯವೊಂದರಲ್ಲಿ ಅವರ ಪ್ರತಿಮೆ ನಿಂತಿತು. ಮುಂಬಯಿಯ ಕನ್ನಡ ವೇದಿಕೆಗಳಲ್ಲಿ ಮರಾಠಿಯ ಸಂತರನ್ನು ಕುರಿತು, ನಾಟಕಕಾರರನ್ನು ಕುರಿತು ಉಪನ್ಯಾಸಗಳು ನಡೆದಿವೆ. ಶಾಹೀರರ ಸರದಿ ಬರಬೇಕಾಗಿದೆ. ‘ಮಾಝೀ ಮೈನಾ’ವನ್ನು ಗೀಗೀ ಪದದ ಮಟ್ಟಿನಲ್ಲಿಯೇ ಕನ್ನಡಕ್ಕೆ ತರಬಲ್ಲವರು ಬೆಳಗಾವಿ ವಿಜಾಪುರಗಳ ಕಡೆಯಿಂದ ಈ ನಗರಕ್ಕೆ ಬಂದು ನೆಲೆಸಿದವರಲ್ಲಿಯೇ ಸಿಕ್ಕಾರು. ಬೆಳಗಾವಿಯ ನುಡಿಯನ್ನೂ ಬಿಡದೆ ತರಲಿ; ಅದರ ಕೆಳಗೆ ಅಡಿಟಿಪ್ಪಣಿ ಬರೆಯುವ ಹಕ್ಕು ಅನುವಾದಕನಿಗೆ ಇದ್ದೇ ಇದೆ.